ಹಕ್ಕಿಯ ಹೆಸರಿನಲ್ಲೊಂದು ಊರು

ಅರ್ಧ ಗೇಣಿನಷ್ಟೂ ಉದ್ದವಿಲ್ಲದ ಒಂದು ಹಕ್ಕಿಗೆ ಪ್ರಾಣಿಶಾಸ್ತ್ರಜ್ಞರು ‘ಅಮಂದಾವ ಅಮಂದಾವ’ ಎಂದು ಹೆಸರಿಟ್ಟಿದ್ದಾರೆ. ಒಂದೇ ಮಾತನ್ನು ಎರಡು ಸಲ ಹೇಳಿದಂತಿರುವ ಈ ಹೆಸರನ್ನು ಮೊದಲ ಬಾರಿಗೆ ಓದಿದವರಿಗೆ ಅಚ್ಚಿನ ತಪ್ಪೋ ಎಂಬ ಸಂದೇಹ ಬಂದರೆ ಆಶ್ಚರ್ಯವಿಲ್ಲ. ಹಕ್ಕಿಯಾದರೋ ನಮಗೆ ಅಪರಿಚಿತವಾದುದಲ್ಲ. ಕೆರೆಯಂಚಿನ ಜೊಂಡಿನಲ್ಲಿ, ಕಬ್ಬಿನ ಗದ್ದೆಯಲ್ಲಿ, ಎತ್ತರವಾಗಿ ಬೆಳೆದ ಹುಲ್ಲಿನ ಬಯಲಿನಲ್ಲಿ ಗುಂಪುಗುಂಪಾಗಿ ಕಾಳು ಆಯುತ್ತ ತಿರುಗುವ ಹಕ್ಕಿ ಇದು. ಮಳೆಗಾಲ ಬಂತೆಂದರೆ ಗಂಡಿನ ಮೈಯೆಲ್ಲ ಕಡುಗೆಂಪಾಗುತ್ತದೆ; ಆ ಕೆಂಪಿನ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆಗಳು ಮೂಡುತ್ತವೆ. ಮರಿ ಮಾಡುವ ಕಾಲ ಕಳೆಯಿತೆಂದರೆ ಆ ಬಣ್ಣ ಅಳಿದು, ಗಂಡೂ ಹೆಣ್ಣಿನಂತೆಯೇ ಕಂದು ಉಡುಪನ್ನು ತೊಡುತ್ತದೆ. ಕನ್ನಡದ ಪಕ್ಷಿಗ್ರಂಥಗಳು ಇದನ್ನು ಕೆಂಪು ರಾಟವಾಳ ಎನ್ನುತ್ತವೆ. ಹಿಂದಿಯವರಿಗೆ ಇದು ‘ಲಾಲ್ ಮುನಿಯಾ’, ಅಥವಾ ಬರಿಯ ‘ಲಾಲ್’. ಇಂಗ್ಲಿಷಿನಲ್ಲಿ ಸ್ಟ್ರಾಬೆರಿ ಫಿಂಚ್ ಎಂದೂ ಅವಡವಾಟ್ ಎಂದೂ ಎರಡು ಹೆಸರುಗಳಿವೆ.

ಇಷ್ಟು ಹೆಸರುಗಳಲ್ಲಿ ನನ್ನ ಕುತೂಹಲವನ್ನು ಕೆರಳಿಸಿದುದು ಆ ಶಾಸ್ತ್ರೀಯ ನಾಮವೇ. ಕೆಂಪು ಎಂಬುದು ಬಣ್ಣವನ್ನು ಹೇಳುತ್ತದೆ. ಸ್ಟ್ರಾಬೆರಿ ಎಂಬುದು ಹೋಲಿಕೆಯನ್ನು ಹೇಳುತ್ತದೆ. ‘ಅಮಂದಾವ’ ಏನನ್ನು ಹೇಳುತ್ತದೆ?

ಶಾಸ್ತ್ರೀಯ ನಾಮಗಳೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠದ ಹಿಂಸೆ ಎಂಬ ಭಾವನೆ ಬಲವಾಗಿದೆ. ಆದರೆ ಬಿಡಿಸಿ ನೋಡಿದರೆ ಅವುಗಳಲ್ಲಿ ಅನೇಕವು ಚಿಕ್ಕ ಚಿಕ್ಕ ಕಥೆಗಳೇ ಆಗಿವೆ. ಪ್ರಾಣಿಗಳಿಗೆ ಎರಡೆರಡು ಪದಗಳ ಹೆಸರನ್ನು ಕೊಡುವ ಕ್ರಮವನ್ನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ, 1758ರಲ್ಲಿ, ನೆಲೆಗೊಳಿಸಿದನು. ಮೊದಲ ಪದ ಜಾತಿಯನ್ನೂ ಎರಡನೆಯ ಪದ ಪ್ರಭೇದವನ್ನೂ ಸೂಚಿಸುತ್ತವೆ. ಯೂರೋಪಿನ ಚಾಫಿಂಚ್ ಎಂಬ ಹಕ್ಕಿಗೆ ಆತನು ‘ಫ್ರಿಂಗಿಲ್ಲ ಸೀಲೆಬ್ಸ್’ ಎಂದು ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ ‘ಸೀಲೆಬ್ಸ್’ ಎಂದರೆ ಅವಿವಾಹಿತ. ಚಳಿಗಾಲದಲ್ಲಿ ಸ್ವೀಡನ್ನಿನ ಹೆಣ್ಣು ಚಾಫಿಂಚುಗಳು ದಕ್ಷಿಣಕ್ಕೆ ವಲಸೆ ಹೋಗಿ, ಗಂಡುಗಳಷ್ಟೆ ಹಿಂದುಳಿಯುತ್ತಿದ್ದುದನ್ನು ಅವನು ಕಂಡಿದ್ದನು. ಆದುದರಿಂದಲೇ ಈ ಬ್ರಹ್ಮಚಾರಿ ಪಟ್ಟ. ಗೋಲ್ಡ್‌ಫಿಂಚಿನ ‘ಕಾರ್ಡುಯೆಲಿಸ್’ ಎಂಬ ಹೆಸರು ‘ಕಾರ್ಡುಯಸ್’ ಎಂಬ ಮುಳ್ಳುಗಿಡದ ಹೆಸರಿನಿಂದ ಬಂದುದು. ಆ ಗಿಡದ ಬೀಜ ಆ ಹಕ್ಕಿಯ ಮೆಚ್ಚಿನ ಆಹಾರ. ಒಂದು ಹೆಸರು ನಡತೆಯಿಂದ ಬಂದಿತು, ಇನ್ನೊಂದು ಊಟದಿಂದ ಬಂದಿತು. ಎರಡೂ ಹಕ್ಕಿಯನ್ನು ಕಣ್ಣಾರೆ ನೋಡಿದವರು ಇಟ್ಟ ಹೆಸರುಗಳು.

ಅಮಂದಾವದ ವಿಷಯ ಹಾಗಲ್ಲ. ಇಲ್ಲಿ ಭಾಷೆ ಬಲ್ಲವರು ಜಾರಿಬೀಳುವುದಕ್ಕೆ ಎರಡು ಕಡೆ ಅವಕಾಶವಿದೆ. ಲ್ಯಾಟಿನ್ ಓದಿದವನಿಗೆ ‘ಅಮಾಂದ’ ಎಂಬ ರೂಪ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಪ್ರೀತಿಸತಕ್ಕವಳು ಎಂದರ್ಥ. ಇಷ್ಟು ಮುದ್ದಾದ ಹಕ್ಕಿಗೆ ಆ ಅರ್ಥ ಸಲ್ಲುತ್ತದೆಂದು ಅವನು ತಲೆದೂಗಬಹುದು. ಸಂಸ್ಕೃತ ಓದಿದವನಿಗೆ ‘ಅಮಂದ’ ಎಂಬ ಶಬ್ದ ಹೊಳೆಯುತ್ತದೆ, ಮಂದವಲ್ಲದ್ದು, ಚುರುಕಾದದ್ದು. ಹುಲ್ಲಿನ ತೆನೆಯಿಂದ ತೆನೆಗೆ ಚಿಮ್ಮುವ ಹಕ್ಕಿಗೆ ಅದೂ ಒಪ್ಪುತ್ತದೆ! ಆದರೆ ಒಪ್ಪುತ್ತದೆ ಎಂಬುದೊಂದರಿಂದಲೇ ವ್ಯುತ್ಪತ್ತಿ ನಿಜವಾಗುವುದಿಲ್ಲ. ಶಬ್ದದ ಮೂಲವನ್ನು ನಿರ್ಣಯಿಸುವುದು ಅದರ ಚೆಲುವಲ್ಲ, ಅದು ನಡೆದುಬಂದ ದಾರಿ. ಈ ಹೆಸರಿನ ದಾರಿ ರೋಮಿಗೂ ಹೋಗುವುದಿಲ್ಲ, ಕಾಶಿಗೂ ಹೋಗುವುದಿಲ್ಲ. ಸಾಬರಮತಿಯ ದಂಡೆಗೆ ಹೋಗುತ್ತದೆ. ಅಮಂದಾವ ಎಂದರೆ ಅಹಮದಾಬಾದು.

ಗುಜರಾತಿನ ಸುಲ್ತಾನ ಒಂದನೆಯ ಅಹಮದ್ ಷಾ 1411ರಲ್ಲಿ ಸ್ಥಾಪಿಸಿದ ಆ ನಗರ ಬಟ್ಟೆಗೂ ನೀಲಿಗೂ ಹೆಸರಾಗಿ ಬೆಳೆಯಿತು. ಅಲ್ಲಿಯ ಸರಕು ಸೂರತ್ತಿನ ಬಂದರಕ್ಕೆ ಇಳಿದು, ಹಡಗೇರಿ ಯೂರೋಪಿಗೆ ಹೋಗುತ್ತಿತ್ತು. ಆ ಸರಕಿನ ಜೊತೆಯಲ್ಲಿ ಪಂಜರಗಳೂ ಇದ್ದವು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾದ ಜಾನ್ ಫ್ರೈಯರ್ ಎಂಬವನು 1672ರಿಂದ 1681ರವರೆಗೆ ಪೂರ್ವದೇಶಗಳಲ್ಲಿ ಸಂಚರಿಸಿ, 1698ರಲ್ಲಿ ತನ್ನ ಪ್ರವಾಸ ವೃತ್ತಾಂತವನ್ನು ಪ್ರಕಟಿಸಿದನು. ನಮ್ಮ ಕಾರವಾರ ಗೋಕರ್ಣಗಳನ್ನೂ ಕಂಡು ಬರೆದವನು ಈತನೇ. ಸೂರತ್ತಿನ ಪ್ರಸಂಗದಲ್ಲಿ ಅವನು ಅಹಮದಾಬಾದಿನಿಂದ ಬರುತ್ತಿದ್ದ ಚುಕ್ಕೆಯ ಹಕ್ಕಿಗಳ ಮಾತನ್ನೆತ್ತುತ್ತಾನೆ. ಒಂದು ಪಂಜರದಲ್ಲಿ ಐವತ್ತು ಹಕ್ಕಿಗಳಿರುತ್ತವೆಂದೂ, ಮೊದಲು ಒಂದು ಹಾಡತೊಡಗಿದರೆ ಉಳಿದವೆಲ್ಲ ಅದರೊಡನೆ ದನಿಗೂಡಿಸುತ್ತವೆಂದೂ ಅವನು ಮೆಚ್ಚಿಕೊಂಡು ವರ್ಣಿಸಿದ್ದಾನೆ. ಐವತ್ತು ಹಕ್ಕಿಗಳು, ಒಂದು ಪಂಜರ. ಈ ಎರಡು ಮಾತುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಹೀಗೆ ಸಮುದ್ರ ದಾಟಿದ ಹಕ್ಕಿಗಳನ್ನು ಲಂಡನ್ನಿನ ಚಿತ್ರಕಾರ ಎಲಿಯಾಜರ್ ಆಲ್ಬಿನ್ ನೋಡಿ, ಬಣ್ಣದ ಚಿತ್ರ ಬರೆದು, 1738ರಲ್ಲಿ ಪ್ರಕಟಿಸಿದನು. ಅವನು ಕೊಟ್ಟ ಹೆಸರು ‘ಅಮದುವಾದ್’ ಹಕ್ಕಿ. ವಿಚಿತ್ರವೆಂದರೆ, ಹೆಸರಿನಲ್ಲಿ ಅಹಮದಾಬಾದಿದ್ದರೂ ತನ್ನ ಮುಂದಿದ್ದ ಹಕ್ಕಿಗಳು ಬಂಗಾಳದಿಂದ ಬಂದವೆಂದು ಅವನು ನಂಬಿದ್ದನು. ಅಂದರೆ ಅಷ್ಟು ಹೊತ್ತಿಗಾಗಲೇ ಆ ಹೆಸರು ಊರಿನ ಗುರುತಾಗಿ ಉಳಿಯದೆ ಹಕ್ಕಿಯ ಗುರುತಾಗಿಬಿಟ್ಟಿತ್ತು. ಇಪ್ಪತ್ತು ವರ್ಷಗಳ ಮೇಲೆ ಲಿನೇಯಸ್ ಆಲ್ಬಿನ್ನನ ಚಿತ್ರವನ್ನು ಆಧಾರವಾಗಿಟ್ಟುಕೊಂಡು ‘ಫ್ರಿಂಗಿಲ್ಲ ಅಮಂದಾವ’ ಎಂದು ಬರೆದನು. ಲಿನೇಯಸ್ ಭಾರತವನ್ನು ಕಂಡವನಲ್ಲ. ದಪ್ಪ ಕೊಕ್ಕಿನ ಕಾಳುಹಕ್ಕಿಗಳಲ್ಲಿ ಅನೇಕವನ್ನು ಅವನು ಫ್ರಿಂಗಿಲ್ಲ ಎಂಬ ಒಂದೇ ಬುಟ್ಟಿಗೆ ಹಾಕಿದ್ದನು. ಮುಂದೆ ಶಾಸ್ತ್ರ ಬೆಳೆದಂತೆ ಆ ಬುಟ್ಟಿ ಒಡೆಯಿತು. ನಮ್ಮ ರಾಟವಾಳಗಳು ನಿಜವಾದ ಫಿಂಚುಗಳ ಕುಟುಂಬಕ್ಕೆ ಸೇರಿದವಲ್ಲ, ಎಸ್ಟ್ರಿಲ್ಡಿಡೇ ಎಂಬ ಬೇರೆ ಕುಟುಂಬದವು ಎಂದು ತಿಳಿದುಬಂದಿತು. ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ 1836ರಲ್ಲಿ ಈ ಹಕ್ಕಿಗೆಂದು ‘ಅಮಂದಾವ’ ಎಂಬ ಹೊಸ ಜಾತಿನಾಮವನ್ನೇ ನಿರ್ಮಿಸಿದನು. ಬ್ಲೈತ್ ಕಲ್ಕತ್ತೆಗೆ ಬಂದು ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಹೊಣೆ ಹೊತ್ತದ್ದು ಅದಕ್ಕೆ ಐದು ವರ್ಷಗಳ ನಂತರ, 1841ರಲ್ಲಿ. ಜಾತಿಗೂ ಪ್ರಭೇದಕ್ಕೂ ಒಂದೇ ಹೆಸರು ಬಂದು ‘ಅಮಂದಾವ ಅಮಂದಾವ’ ಆದದ್ದು ಹೀಗೆ. ಸಸ್ಯಶಾಸ್ತ್ರದಲ್ಲಿ ಇಂತಹ ದ್ವಿರುಕ್ತಿಗೆ ನಿಷೇಧವಿದೆ; ಪ್ರಾಣಿಶಾಸ್ತ್ರದಲ್ಲಿ ಅನುಮತಿಯಿದೆ.

ನಿಘಂಟುಗಳು ಈ ಹೆಸರನ್ನು ‘ಅಹಮದಾಬಾದ್ ಎಂಬುದರ ಅಪಭ್ರಷ್ಟ ರೂಪ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಪರದೇಶದವರು ನಮ್ಮ ಊರಿನ ಹೆಸರನ್ನು ಕೆಡಿಸಿದರು ಎಂಬ ಧ್ವನಿ ಅದರಲ್ಲಿದೆ. ಈ ತೀರ್ಪನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಗುಜರಾತಿಗಳು ಆ ಊರನ್ನು ಏನೆಂದು ಕರೆಯುತ್ತಾರೆ? ‘ಅಮದಾವಾದ’ ಎಂದು. ಬಾಯಲ್ಲೂ ಹಾಗೆಯೇ, ಬರಹದಲ್ಲೂ ಹಾಗೆಯೇ. ಹಕಾರವನ್ನು ಬಿಟ್ಟವರೂ ಬಕಾರವನ್ನು ವಕಾರ ಮಾಡಿದವರೂ ಪರಂಗಿಗಳಲ್ಲ; ಆ ಊರಿನ ಜನವೇ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಬರಹಗಳಲ್ಲಿ ಇದು ‘ಅಮದಾವ’ ಎಂದಿದೆ. ಕೊನೆಯ ದಕಾರ ಅವರ ನಾಲಗೆಯಲ್ಲಿ ಕರಗಿಹೋಗಿದೆ. 1648ರಲ್ಲಿ ಬರೆದ ಡಚ್ಚರ ವಾನ್ ಟ್ವಿಸ್ಟ್ ‘ಅಮದಾವಾರ್’, ‘ಅಮದಾಬಾತ್’ ಎಂಬ ಎರಡು ರೂಪಗಳನ್ನು ಕೊಡುತ್ತಾನೆ. ಇಂಗ್ಲಿಷಿನಲ್ಲಿ ‘ಅಮದವಾತ್’ ಎಂದಿದ್ದುದು ಬಳಕೆಯಲ್ಲಿ ಸವೆದು ‘ಅವಡವಾಟ್’ ಆಯಿತು. ಲಿನೇಯಸನ ರೂಪದಲ್ಲಿ ಪರಕೀಯವಾದುದು ನಡುವೆ ಸೇರಿಕೊಂಡ ಒಂದು ಅನುಸ್ವಾರ, ಕಡೆಯಲ್ಲಿ ಬಿಟ್ಟುಹೋದ ಒಂದು ದಕಾರ, ಇಷ್ಟೆ. ಮಿಕ್ಕದ್ದೆಲ್ಲ ಅಪ್ಪಟ ಗುಜರಾತಿ.

ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ವಸತಿ ಬಸದಿಯಾದುದನ್ನೂ ವನ ಬನವಾದುದನ್ನೂ ವೀರ ಬೀರನಾದುದನ್ನೂ ನಾವು ದೋಷವೆಂದು ಎಣಿಸುವುದಿಲ್ಲ; ತದ್ಭವವೆಂದು ಗೌರವಿಸುತ್ತೇವೆ. ಕನ್ನಡದ ನಾಲಗೆ ವಕಾರವನ್ನು ಬಕಾರ ಮಾಡಿಕೊಂಡರೆ, ಇಲ್ಲಿ ಗುಜರಾತಿಯ ನಾಲಗೆ ಬಕಾರವನ್ನು ವಕಾರ ಮಾಡಿಕೊಂಡಿದೆ; ದಿಕ್ಕು ಬೇರೆ, ವ್ಯಾಪಾರ ಒಂದೇ. ಪಾರಸಿಯ ಬೀಜ, ಗುಜರಾತಿನ ಮಣ್ಣು, ಪೋರ್ಚುಗೀಸ್ ಇಂಗ್ಲಿಷ್ ಬಾಯಿಗಳು, ಲ್ಯಾಟಿನ್ ವೇಷ, ಇವೆಲ್ಲವನ್ನೂ ಹಾದುಬಂದ ತದ್ಭವ ಶಬ್ದ ಅಮಂದಾವ. ಅಂಗಡಿಬೀದಿಯಲ್ಲಿ ಜನ ಆಡಿದ ಉಚ್ಚಾರಣೆಯೊಂದು ವಿದ್ವಾಂಸರ ಗ್ರಂಥದಲ್ಲಿ ಹೀಗೆ ಹೆಚ್ಚು ಕೆಡದೆ ಉಳಿದುಬಂದಿರುವುದು ವಿಸ್ಮಯದ ಸಂಗತಿಯಲ್ಲವೆ?

ಉಚ್ಚಾರಣೆಯ ಮಾತು ಹೀಗಾಯಿತು. ಇನ್ನು ಅರ್ಥದ ಮಾತು. ಅಹಮದಾಬಾದು ಈ ಹಕ್ಕಿಯ ಊರೆ? ಗುಜರಾತಿನಲ್ಲಿ ಅದು ಇದೆ, ನಿಜ; ಆದರೆ ಸಿಂಧೂ ಬಯಲಿನಿಂದ ಬರ್ಮಾ, ಜಾವಾಗಳವರೆಗೂ ಅದು ಇದೆ. ಅಹಮದಾಬಾದು ಅದರ ತವರಲ್ಲ. ಅದು ಮಾರಾಟವಾದ ಸ್ಥಳ. ನಾವು ವಿಳಾಸವೆಂದು ತಿಳಿದುಕೊಂಡದ್ದು ವಾಸ್ತವವಾಗಿ ಸರಕಿನ ಮೇಲೆ ಅಂಟಿಸಿದ ಚೀಟಿ. ಇಂತಹ ಚೀಟಿಗಳು ಇನ್ನೂ ಇವೆ. ಅಮೆರಿಕದಿಂದ ಬಂದ ಟರ್ಕಿ ಕೋಳಿಗೆ ಡಚ್ಚರು ‘ಕಲ್ಲಿಕೋಟೆಯ ಕೋಳಿ’ ಎಂಬ ಅರ್ಥದ ‘ಕಾಲ್ಕೂನ್’ ಎಂಬ ಹೆಸರಿಟ್ಟರು. ಪಾಪ, ಕಲ್ಲಿಕೋಟೆ ಆ ಕೋಳಿಯನ್ನು ಹುಟ್ಟಿಸಿದ್ದಲ್ಲ. ನಮ್ಮ ಮನೆಯ ಹತ್ತಿರದ ಉದಾಹರಣೆಯನ್ನೇ ಕೊಡುವುದಾದರೆ, ಕರಿಯ ತಲೆ, ಬಿಳಿಯ ಎದೆ, ಕೆಂಗಂದು ಬೆನ್ನಿನ ಇನ್ನೊಂದು ರಾಟವಾಳವುಂಟು. ಭಾರತ ಶ್ರೀಲಂಕೆಗಳ ಈ ಹಕ್ಕಿಗೆ ಲಿನೇಯಸ್ 1766ರಲ್ಲಿ ಕೊಟ್ಟ ಪ್ರಭೇದನಾಮ ‘ಮಲಕ್ಕ’. ಮಲಕ್ಕ ಮಲಯ ದೇಶದ ಬಂದರು. ಈಚಿನ ಶಾಸ್ತ್ರಜ್ಞರು ಆ ಹೆಸರಿಗೆ ಸಲ್ಲುವ ಮೂಲಸ್ಥಳವನ್ನು ಖಚಿತಪಡಿಸುವಾಗ ಆರಿಸಿಕೊಂಡದ್ದು ನಮ್ಮ ಬೆಳಗಾವಿಯನ್ನು. ಹೆಸರು ಮಲಕ್ಕದ್ದು, ನೆಲೆ ಬೆಳಗಾವಿಯದು!

ತಪ್ಪೆಂದು ಗೊತ್ತಾದ ಮೇಲೆ ತಿದ್ದಬಾರದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ತಿದ್ದಲಾಗದು. ಪ್ರಾಣಿಗಳ ನಾಮಕರಣಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆಯಿದೆ. ಮೊದಲು ವಿಧಿವತ್ತಾಗಿ ಪ್ರಕಟವಾದ ಹೆಸರಿಗೇ ಅದರಲ್ಲಿ ಆದ್ಯತೆ. ಹೆಸರಿನ ಅರ್ಥ ಹಕ್ಕಿಗೆ ಹೊಂದುವುದಿಲ್ಲವೆಂಬುದು ಅದನ್ನು ತಳ್ಳಿಹಾಕಲು ಕಾರಣವಾಗದು. ಪರಭಾಷೆಯ ಪದವನ್ನು ಲ್ಯಾಟಿನ್ನಿಗೆ ತರುವಾಗ ಆದ ಲೋಪವನ್ನು ಕಾಗುಣಿತದ ತಪ್ಪೆಂದು ಸರಿಪಡಿಸುವುದಕ್ಕೂ ಅಲ್ಲಿ ಎಡೆಯಿಲ್ಲ. ಬ್ಯಾಂಗಲೂರು 2014ರ ನವೆಂಬರ್ 1ರಂದು ಸರ್ಕಾರಿ ಕಾಗದದಲ್ಲಿ ಬೆಂಗಳೂರಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು. ಊರಿಗೆ ತನ್ನ ಹೆಸರನ್ನು ತಿದ್ದಿಕೊಳ್ಳುವ ಹಕ್ಕಿದೆ. ಆ ಊರಿನಿಂದ ಹೆಸರನ್ನು ಪಡೆದ ಹಕ್ಕಿಗೆ ಇಲ್ಲ.

ಈ ನಿಯಮ ಜಡವಾದುದೆಂದು ಕೆಲವರಿಗೆ ತೋರಬಹುದು. ವಸಾಹತು ಕಾಲದ ಅರೆಬರೆ ತಿಳಿವಳಿಕೆಯನ್ನು ನಾವೇಕೆ ಹೊತ್ತು ತಿರುಗಬೇಕು ಎಂಬ ಪ್ರಶ್ನೆ ಸಾಧುವಾದುದೇ. ಆದರೂ ನನಗೆ ಈ ಹೆಸರು ಉಳಿಯಬೇಕೆಂದೇ ಅನಿಸುತ್ತದೆ. ಹೆಸರು ಗುರುತಿಗಾಗಿ ಇದೆ. ಪ್ರತಿ ತಲೆಮಾರೂ ತನ್ನ ತಿಳಿವಳಿಕೆಗೆ ತಕ್ಕಂತೆ ಬದಲಾಯಿಸುತ್ತ ಹೋದರೆ ಒಬ್ಬರು ಬರೆದುದು ಇನ್ನೊಬ್ಬರಿಗೆ ತಿಳಿಯದೆ ಹೋಗುತ್ತದೆ. ಇದು ಶಾಸ್ತ್ರದ ಕಾರಣ. ನನ್ನ ಮನಸ್ಸಿಗೆ ಹೆಚ್ಚು ಮುಖ್ಯವಾದ ಕಾರಣ ಬೇರೆ. ‘ಕೆಂಪು ಚುಕ್ಕೆಯ ಹುಲ್ಲುಹಕ್ಕಿ’ ಎಂಬ ಅರ್ಥ ಬರುವಂತೆ ಲ್ಯಾಟಿನ್ನಿನಲ್ಲಿ ನಿರ್ದುಷ್ಟವಾದ ಹೊಸ ಹೆಸರೊಂದನ್ನು ಕಟ್ಟುವುದು ಕಷ್ಟವಲ್ಲ. ಹಾಗೆ ಕಟ್ಟಿದ ದಿನ, ಆ ಹಕ್ಕಿಗಳನ್ನು ಹಿಡಿದು, ಐವತ್ತರಂತೆ ಪಂಜರಕ್ಕೆ ತುಂಬಿ, ಸಮುದ್ರದಾಚೆಗೆ ಮಾರಿದರೆಂಬ ಸಾಕ್ಷ್ಯ ಹೆಸರಿನಿಂದ ಅಳಿಸಿಹೋಗುತ್ತದೆ. ತಪ್ಪು ವಿಳಾಸವೇ ಇಲ್ಲಿ ನಿಜವಾದ ದಾಖಲೆ.

ಆ ವ್ಯಾಪಾರವನ್ನು ಅಂದಿನವರು ಎಷ್ಟು ಹಗುರವಾಗಿ ಕಂಡಿದ್ದರೆಂಬುದಕ್ಕೆ ಶೆರಿಡನ್ನನ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’ ಎಂಬ ಪ್ರಹಸನವನ್ನು ನೋಡಬಹುದು. 1777ರಲ್ಲಿ ಲಂಡನ್ನಿನಲ್ಲಿ ಪ್ರಯೋಗವಾದ ಆ ನಾಟಕದಲ್ಲಿ ಕಪಟಿಯೊಬ್ಬ, ಭಾರತದಲ್ಲಿರುವ ತನ್ನ ಶ್ರೀಮಂತ ಚಿಕ್ಕಪ್ಪ ತನಗೆ ಕೊಟ್ಟದ್ದು ಏನೂ ಇಲ್ಲವೆಂದು ಸಾಧಿಸಲು, ಬಂದ ಕ್ಷುಲ್ಲಕ ಉಡುಗೊರೆಗಳನ್ನು ಪಟ್ಟಿಮಾಡುತ್ತಾನೆ. ಪಿಂಗಾಣಿ, ಶಾಲು, ಚಹಾ, ಪಟಾಕಿಗಳ ಸಾಲಿನಲ್ಲಿ ನಮ್ಮ ಅವಡವಾಟ್ ಹಕ್ಕಿಗಳೂ ಇವೆ. ಅರ್ಥ ವಿವರಿಸದೆಯೇ ಸಭಿಕರಿಗೆ ತಿಳಿಯುವಷ್ಟು ಆ ಹೆಸರು ಲಂಡನ್ನಿನಲ್ಲಿ ಮನೆಮಾತಾಗಿತ್ತು. ಲೆಕ್ಕಕ್ಕಿಲ್ಲದ ಕೊಡುಗೆಯೆನ್ನುವಷ್ಟು ಅದು ಅಗ್ಗವೂ ಆಗಿತ್ತು.

ಹಕ್ಕಿ ಹೋದಲ್ಲೆಲ್ಲ ಹೆಸರೂ ಹೋಯಿತು. ಪಂಜರದಿಂದ ತಪ್ಪಿಸಿಕೊಂಡವೂ ಬಿಡುಗಡೆ ಪಡೆದವೂ ಸ್ಪೇನ್, ಇಟಲಿ, ಫಿಜಿ, ಹವಾಯಿಗಳಲ್ಲಿ ಸಂಸಾರ ಹೂಡಿವೆ. ಹೆಸರಾದರೋ ಹಕ್ಕಿ ಹೋಗದ ಕಡೆಗೂ ಹೋಗಿದೆ. ಸಹರಾ ಮರುಭೂಮಿಯ ದಕ್ಷಿಣಕ್ಕೆ, ಆಫ್ರಿಕದ ಹುಲ್ಲುಗಾವಲುಗಳಲ್ಲಿ, ಕಿತ್ತಳೆಬಣ್ಣದ ಎದೆಯ ಒಂದು ಪುಟ್ಟ ಹಕ್ಕಿಯಿದೆ. ನಮ್ಮ ಹಕ್ಕಿಯ ದಾಯಾದಿಯೆಂದು ಅದನ್ನೂ ಇದೇ ಜಾತಿಗೆ ಸೇರಿಸಿ ‘ಅಮಂದಾವ ಸಬ್‌ಫ್ಲಾವ’ ಎಂದು ಕರೆದರು. ಗುಜರಾತಿನ ಮುಖವನ್ನೇ ಕಾಣದ ಆಫ್ರಿಕದ ಹಕ್ಕಿಯೊಂದು ಅಹಮದ್ ಷಾನ ಊರಿನ ಹೆಸರನ್ನು ಹೊತ್ತು ಹಾರಾಡುತ್ತಿದೆ.

ಈ ಜಾತಿಯ ಮೂರನೆಯ ಹಕ್ಕಿಯ ಮಾತಿಗೆ ಬಂದಾಗ ಮನಸ್ಸು ಭಾರವಾಗುತ್ತದೆ. ಅದು ಹಸಿರು ಮುನಿಯ, ‘ಅಮಂದಾವ ಫಾರ್ಮೋಸ’. ‘ಫಾರ್ಮೋಸ’ ಎಂದರೆ ಸುಂದರವಾದುದು. ಬೆನ್ನು ಹಸಿರು, ಹೊಟ್ಟೆ ಹಳದಿ, ಪಕ್ಕೆಗಳಲ್ಲಿ ಕಪ್ಪು ಬಿಳುಪಿನ ಪಟ್ಟೆ. ಭಾರತವನ್ನು ಬಿಟ್ಟರೆ ಅದಕ್ಕೆ ಬೇರೆ ಸಹಜ ನೆಲೆಯಿಲ್ಲ; ಅಬು ಪರ್ವತದ ಆಸುಪಾಸಿನಲ್ಲಿಯೂ ಮಧ್ಯ ಭಾರತದ ಕೆಲವೆಡೆಗಳಲ್ಲಿಯೂ ಚೆದುರಿಕೊಂಡು ಬದುಕಿದೆ. ಅಳಿವಿನ ಅಪಾಯಕ್ಕೆ ಗುರಿಯಾಗಬಹುದಾದ ಹಕ್ಕಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಪಂಜರದ ವ್ಯಾಪಾರಕ್ಕಾಗಿ ಹಿಡಿದದ್ದು ಅದಕ್ಕೆ ಒಂದು ಮುಖ್ಯ ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರಲ್ಲಿ ಅದಕ್ಕಾದ ತಿದ್ದುಪಡಿಯೂ ನಮ್ಮ ದೇಶದ ಕಾಡುಹಕ್ಕಿಗಳ ಮಾರಾಟವನ್ನು ನಿಲ್ಲಿಸಲು ಬಂದವು. ಆದರೆ ಬಲೆಯೂ ನಿಂತಿಲ್ಲ, ಪಂಜರವೂ ಮುಚ್ಚಿಲ್ಲ. ‘ಅಮಂದಾವ’ ಎಂಬ ಜಾತಿನಾಮದಲ್ಲಿ ಅಡಗಿರುವ ಹಳೆಯ ಸಂತೆಯ ಕಥೆ ಈ ಸುಂದರ ಹಕ್ಕಿಯ ಪಾಲಿಗೆ ಬರಿಯ ಚರಿತ್ರೆಯಾಗಿಲ್ಲ.

ಜೀವಶಾಸ್ತ್ರವನ್ನು ಕಲಿಸುವ ನಮ್ಮ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಶಾಸ್ತ್ರೀಯ ನಾಮಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಕಂಠಪಾಠ ಮಾಡಿಸುವುದಕ್ಕೆ ಮೊದಲು, ಅವುಗಳಲ್ಲಿ ಒಂದೆರಡನ್ನಾದರೂ ಬಿಡಿಸಿ ತೋರಿಸಲಿ. ಭಾಷೆಯನ್ನು ಕಲಿಸುವವರು ತದ್ಭವದ ಪಾಠದಲ್ಲಿ ಬಸದಿ ಬನಗಳ ಜೊತೆಗೆ ಈ ಒಂದು ಶಬ್ದವನ್ನೂ ಸೇರಿಸಿಕೊಳ್ಳಲಿ. ಒಬ್ಬರ ತರಗತಿಯಲ್ಲಿ ಅದು ಹಕ್ಕಿ, ಇನ್ನೊಬ್ಬರ ತರಗತಿಯಲ್ಲಿ ಅದು ಊರು. ಎರಡನ್ನೂ ಕೇಳಿದ ಹುಡುಗ, ನಡುವೆ ಇದ್ದ ಪಂಜರ ಯಾರದೆಂದು ತಾನೇ ಕೇಳುತ್ತಾನೆ. ಮುಂದಿನ ಮಳೆಗಾಲದಲ್ಲಿ ಕೆರೆಯಂಚಿನ ಹುಲ್ಲಿನಲ್ಲಿ ಆ ಕೆಂಪು ಮಿಂಚಿದಾಗ, ಅದರ ಹೆಸರನ್ನು ಬಲ್ಲವನು ಅದನ್ನು ಅಲ್ಲಿಯೇ ಇರಲು ಬಿಟ್ಟಾನು ಎಂಬುದು ನನ್ನ ನಂಬಿಕೆ.